ಕುಮಟಾ ಕಡೆ ಹಳೆ ಮನೆ ತಗೊಳ್ಳೋ ಮುಂಚೆ ಇಂಜಿನಿಯರ್ ಕರೆಸಬೇಕಾ? ಅನುಭವ ಇದ್ದವರು ಹೇಳಿ

ಬೆಳಗಾವಿ, ಟಿಳಕವಾಡಿ

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರು ಮುಂದಿನ ವರ್ಷ ನಿವೃತ್ತಿ ಆಗುತ್ತಾರೆ. ಕುಮಟಾ ತಾಲೂಕಿನಲ್ಲಿ ಸಮುದ್ರದ ಹತ್ತಿರದ ಹಳ್ಳಿಯೊಂದರಲ್ಲಿ ಹಳೆ ಹೆಂಚಿನ ಮನೆ ನೋಡಿದ್ದೇವೆ. ಚಿರೆಕಲ್ಲಿನ ಗೋಡೆ, ಹಿಂದುಗಡೆ ಆಮೇಲೆ ಕಟ್ಟಿದ ಸ್ಲ್ಯಾಬಿನ ಎರಡು ಕೋಣೆ, ಒಂದು ಬಾವಿ, ಒಂದಷ್ಟು ತೆಂಗು. ಹೊಸ ಬಣ್ಣ ಹೊಡೆದಿದ್ದಾರೆ, ನೋಡಲು ಚೆನ್ನಾಗಿದೆ. ದೀಪಾವಳಿ ಒಳಗೆ ಸಂಚಕಾರ ಕೊಡಿ ಅಂತ ಏಜೆಂಟರು ಅವಸರ ಮಾಡುತ್ತಿದ್ದಾರೆ. ಮೊದಲು ಇಂಜಿನಿಯರ್ ಕರೆಸಿ ಮನೆ ಪೂರ್ತಿ ತಪಾಸಣೆ ಮಾಡಿಸಿ ಅಂತಾಳೆ ಮಗಳು. ಹೇಗೂ ಬ್ಯಾಂಕಿನವರು ವ್ಯಾಲ್ಯುಯೇಶನ್ ಮಾಡಿಸುತ್ತಾರೆ, ಸುಮ್ನೆ ಯಾಕೆ ಖರ್ಚು ಅಂತಾರೆ ನಮ್ಮಣ್ಣ. ಮಾಡಿಸಿದವರು ಇದ್ದರೆ ದಯವಿಟ್ಟು ಹೇಳಿ. ಯಾರನ್ನು ಕರೆಸಬೇಕು, ಏನೇನು ನೋಡಿಸಬೇಕು?

ಬೆಳಗಾವಿ, ಶಹಾಪುರ

ಅಕ್ಕಾರೆ, ಮಗಳ ಮಾತು ಕೇಳಿ. ಅದೂ ಸಂಚಕಾರ ಕೊಡುವ ಮುಂಚೆ. ನಾವು ಅಂಕೋಲಾ ಕಡೆ ಮನೆ ತಗೊಂಡಾಗ ಮಾಡಿಸಿದ್ದೆವು, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಾವು ಎರೆಮಣ್ಣಿನ ಸೀಮೆಯವರು. ಮನೆ ನೋಡಲು ಹೋದರೆ ಮೊದಲು ಬಿರುಕು ಹುಡುಕುತ್ತೇವೆ. ಬೇಸಿಗೆಯಲ್ಲಿ ನೆಲ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ, ಗೋಡೆ ಸೀಳುತ್ತದೆ, ಎಲ್ಲಾ ಕಣ್ಣಿಗೆ ಕಾಣುತ್ತದೆ. ಕರಾವಳಿ ಮನೆಗೆ ಬರುವ ತೊಂದರೆ ಬೇರೆ. ಅಲ್ಲಿ ಉಪ್ಪುಗಾಳಿ, ತೇವ, ಗೆದ್ದಲು. ಮೂರೂ ಒಳಗೊಳಗೇ ತಿನ್ನುತ್ತವೆ, ಮೇಲೆ ಬಣ್ಣ ಹೊಡೆದರೆ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ಇಲ್ಲಿಂದ ನಮ್ಮ ಗವಂಡಿಯನ್ನು ಕರೆದುಕೊಂಡು ಹೋಗಿ ತೋರಿಸಿದರೆ ಸಾಲದು, ಅವರು ಎಷ್ಟೇ ಜಾಣರಿರಲಿ.

ನಮಗೆ ಸಿಕ್ಕ ಸ್ಟ್ರಕ್ಚರಲ್ ಇಂಜಿನಿಯರ್ ಮೊದಲು ಹೋಗಿದ್ದು ಸ್ಲ್ಯಾಬಿನ ಕೋಣೆಗೆ. ಹಳೆ ಭಾಗಕ್ಕಿಂತ ಅದರದ್ದೇ ಚಿಂತೆ ಜಾಸ್ತಿ ಅಂದರು. ಏಣಿ ಹತ್ತಿ, ಸಣ್ಣ ಸುತ್ತಿಗೆಯಿಂದ ಸ್ಲ್ಯಾಬಿನ ಅಡಿಯನ್ನು ತಟ್ಟುತ್ತಾ ಹೋದರು. ನಡುವೆ ಗಟ್ಟಿ ಸದ್ದು. ಪಶ್ಚಿಮದ ಗೋಡೆ ಹತ್ತಿರ ಬಂದಾಗ ಡಬ್ ಡಬ್ ಅಂತ ಪೊಳ್ಳು ಸದ್ದು ಬಂತು. ಮಾಲೀಕರ ಒಪ್ಪಿಗೆ ತಗೊಂಡು ಅಲ್ಲಿ ಅಂಗೈಯಗಲ ಒಡೆದರು. ಒಳಗಿನ ಸರಳು ಪದರ ಪದರವಾಗಿ ಎದ್ದಿತ್ತು. ತುಕ್ಕು ಹಿಡಿದ ಕಬ್ಬಿಣ ಮೊದಲಿಗಿಂತ ಹಲವು ಪಟ್ಟು ಜಾಗ ಬೇಡುತ್ತದೆ, ಆ ಒತ್ತಡಕ್ಕೇ ಕಾಂಕ್ರೀಟ್ ಸಿಡಿಯುತ್ತದೆ ಅಂತ ವಿವರಿಸಿದರು. ಒಡೆದ ಜಾಗಕ್ಕೆ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಿದರು. ಕಾಂಕ್ರೀಟ್ ಆರೋಗ್ಯವಾಗಿದ್ದರೆ ಗುಲಾಬಿ ಬಣ್ಣ ಬರಬೇಕು. ಸರಳಿನ ಸುತ್ತ ಬಣ್ಣವೇ ಬರಲಿಲ್ಲ. ಉಪ್ಪು ಎಷ್ಟು ಇಳಿದಿದೆ ಎನ್ನುವುದು ಇದರಿಂದ ತಿಳಿಯುವುದಿಲ್ಲ, ಅದಕ್ಕೆ ಡ್ರಿಲ್ ಮಾಡಿದ ಪುಡಿಯನ್ನು ಲ್ಯಾಬಿಗೆ ಕಳಿಸಬೇಕು. ಕಾಂಕ್ರೀಟ್ ಹಾಕುವಾಗ ಒಂದು ಘನ ಮೀಟರಿಗೆ 0.6 ಕೆ.ಜಿ.ಗಿಂತ ಹೆಚ್ಚು ಕ್ಲೋರೈಡ್ ಇರಬಾರದು ಎಂಬುದು ಕಾಂಕ್ರೀಟಿನ ಭಾರತೀಯ ಮಾನದಂಡ ಐ.ಎಸ್. 456ರ ಮಿತಿ. ಅಳಿವೆಯ ಮರಳನ್ನು ಸರಿಯಾಗಿ ತೊಳೆಯದೆ ಹಾಕಿದ್ದರೆ ಮೊದಲ ದಿನವೇ ಆ ಮಿತಿ ದಾಟಿರುತ್ತದೆ.

ಇನ್ನೊಂದು ವಿಷಯ. ಸರಳಿನ ಮೇಲೆ ಎಷ್ಟು ದಪ್ಪ ಕಾಂಕ್ರೀಟ್ ಇರಬೇಕು, ಅಂದರೆ ಕವರ್, ಅದು ಊರಿಂದ ಊರಿಗೆ ಬೇರೆ. ಒಣ ಹವೆಯ ಕಡೆ 20 ಮಿ.ಮೀ. ಸಾಕು. ಕಡಲ ಹವೆಗೆ ಅದೇ ಐ.ಎಸ್. 456 ಪ್ರಕಾರ 45 ಮಿ.ಮೀ. ಬೇಕು, ಕಾಂಕ್ರೀಟೂ ಎಂ30 ದರ್ಜೆಯದು. ಹಳ್ಳಿಯಲ್ಲಿ ಮೇಸ್ತ್ರಿ ಲೆಕ್ಕದಲ್ಲಿ ಹಾಕಿದ ಹಳೆ ಸ್ಲ್ಯಾಬುಗಳಲ್ಲಿ ಇದು ಸಿಗುವುದು ಕಷ್ಟ.

ಆಮೇಲೆ ಹೆಂಚಿನ ಮಾಡು, ಅಂದರೆ ಚಾವಣಿ. ಹೆಂಚು ಹೊರುವ ಮರದ ಪಕಾಸುಗಳು ನಡುವೆ ಗಟ್ಟಿಯಾಗಿಯೇ ಇರುತ್ತವೆ. ಗೋಡೆ ಮೇಲೆ ಕೂರುವ ತುದಿ ನೋಡಬೇಕು. ಇಂಜಿನಿಯರ್ ಅಲ್ಲಿ ಸ್ಕ್ರೂಡ್ರೈವರ್ ಒತ್ತಿದರು, ಅರ್ಧದವರೆಗೆ ಇಳಿಯಿತು. ಮೇಲೆ ವಾರ್ನಿಷ್ ಮಿಂಚುತ್ತಿತ್ತು, ಒಳಗೆ ಗೆದ್ದಲು ತಿಂದ ಪುಡಿ. ವರದಿ ಬಂದ ಮೇಲೆ ಮಾಲೀಕರ ಜೊತೆ ಕೂತು ಮಾತಾಡಿದೆವು. ಸ್ಲ್ಯಾಬ್ ತೆಗೆಯುವ ಖರ್ಚು, ಮರ ಬದಲಿಸುವ ಖರ್ಚು ಎರಡನ್ನೂ ಬೆಲೆಯಲ್ಲಿ ಕಳೆದರು. ಇಂಜಿನಿಯರ್ ಫೀಗಿಂತ ಎಷ್ಟೋ ಪಟ್ಟು ಉಳಿಯಿತು. ದುಡ್ಡಿಗಿಂತ ನನಗೆ ದೊಡ್ಡದು ಅನಿಸಿದ್ದು ಬೇರೆ. ಆ ಸ್ಲ್ಯಾಬಿನ ಕೋಣೆಯಲ್ಲೇ ಅತ್ತೆಯವರನ್ನು ಮಲಗಿಸೋಣ ಅಂತ ಮಾತಾಡಿಕೊಂಡಿದ್ದೆವು.

ಗೋಕಾಕ

ಬ್ಯಾಂಕಿನ ಸಾಲ ವಿಭಾಗದಲ್ಲಿ ಕೆಲಸ ಮಾಡಿದವನು ನಾನು. ಅಣ್ಣಾವರಿಗೆ ಒಂದು ಮಾತು. ವ್ಯಾಲ್ಯುಯರ್ ಬರುವುದು ಬ್ಯಾಂಕಿನ ಸಾಲಕ್ಕೆ ಭದ್ರತೆ ಇದೆಯಾ ನೋಡಲು. ಕಾಗದದಲ್ಲಿರುವ ಆಸ್ತಿ ಅಲ್ಲಿ ಇದೆಯಾ, ಇವತ್ತು ಮಾರಿದರೆ ಎಷ್ಟು ಬರುತ್ತದೆ, ಅಷ್ಟೇ. ಅಳತೆ ತಗೊಳ್ಳುತ್ತಾರೆ, ಫೋಟೋ ತೆಗೆಯುತ್ತಾರೆ, ಹೊರಡುತ್ತಾರೆ. ಅಟ್ಟ ಹತ್ತಿ ಪಕಾಸು ಚುಚ್ಚಿ ನೋಡುವುದು ಅವರ ಕೆಲಸ ಅಲ್ಲ. ಕರಾವಳಿಯಲ್ಲಿ ಬೆಲೆಯ ದೊಡ್ಡ ಪಾಲು ಜಾಗದ್ದೇ ಆಗಿರುವುದರಿಂದ ಮನೆ ಟೊಳ್ಳಾಗಿದ್ದರೂ ವ್ಯಾಲ್ಯುಯೇಶನ್ ಚೆನ್ನಾಗಿಯೇ ಬರಬಹುದು. ಎರಡೂ ಬೇರೆ ಕೆಲಸ, ಎರಡನ್ನೂ ಮಾಡಿಸಿ.

ವಿಜಯಪುರ (ಹುಟ್ಟೂರು ಅಂಕೋಲಾ)

ಈಗ ಇರುವುದು ವಿಜಯಪುರದಲ್ಲಿ. 52ನೇ ಹೆದ್ದಾರಿ ಹಿಡಿದರೆ ಅದೇ ರಸ್ತೆ ನೇರ ನಮ್ಮ ಅಂಕೋಲೆಗೆ ಹೋಗುತ್ತದೆ. ಆದರೆ ಮಳೆ ಲೆಕ್ಕದಲ್ಲಿ ಎರಡು ಊರಿಗೂ ಸಂಬಂಧವೇ ಇಲ್ಲ. ಇಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ., ಅಲ್ಲಿ 3000 ಮಿ.ಮೀ.ಗಿಂತ ಜಾಸ್ತಿ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಅದಕ್ಕೇ ಅಕ್ಕ, ಒಮ್ಮೆ ಜೋರು ಮಳೆಯಲ್ಲಿ ಆ ಮನೆ ನೋಡಿ. ಮಳೆಗಾಲದಲ್ಲಿ ಪಶ್ಚಿಮದ ಗೋಡೆಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರಾ ಅಂತ ಅಕ್ಕಪಕ್ಕದವರನ್ನು ಕೇಳಿ. ಕಟ್ಟುತ್ತಿದ್ದರು ಅಂದರೆ ಗಾಳಿ ಮಳೆ ಆ ಗೋಡೆಗೇ ಹೊಡೆಯುತ್ತದೆ ಅಂತ ಅರ್ಥ.

ಹೊಸ ಬಣ್ಣ ಅಂದಿರಲ್ಲ, ಅದೇ ನನಗೆ ಚಿಂತೆ. ಹಳೆ ಚಿರೆಕಲ್ಲಿನ ಗೋಡೆ ಸುಣ್ಣದ ಗಾರೆಯಲ್ಲಿ ಕಟ್ಟಿದ್ದರೆ ಅದು ತೇವ ಎಳೆಯುತ್ತದೆ, ಬಿಸಿಲು ಬಂದಾಗ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಪ್ಲಾಸ್ಟರ್ ಮತ್ತು ಪ್ಲಾಸ್ಟಿಕ್ ಪೇಂಟ್ ಮೆತ್ತಿದರೆ ತೇವ ಒಳಗೇ ಉಳಿಯುತ್ತದೆ. ಎರಡು ಮಳೆಗಾಲ ಕಳೆದರೆ ಬಿಳಿ ಉಪ್ಪು ಒಡೆದು ಪ್ಲಾಸ್ಟರ್ ಹೊಪ್ಪಳಿಕೆ ಏಳುತ್ತದೆ. ಇಂಜಿನಿಯರ್ ಹತ್ತಿರ ತೇವ ಅಳೆಯುವ ಮೀಟರ್ ಇರಲಿ. ಕಪಾಟು ಸರಿಸಿ, ಅದರ ಹಿಂದಿನ ಗೋಡೆಯನ್ನೂ ನೋಡಿಸಿ.

ಬಾವಿ ನೀರನ್ನು ಈಗ ಕುಡಿದು ನೋಡಿ ತೀರ್ಮಾನ ಮಾಡಬೇಡಿ. ಮಳೆ ಮುಗಿದ ಮೇಲೆ ಎಲ್ಲಾ ಬಾವಿಯೂ ಸಿಹಿ. ಏಪ್ರಿಲ್, ಮೇ ತಿಂಗಳಲ್ಲಿ ಗೊತ್ತಾಗುವುದು. ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಿಗೆ ಉಪ್ಪುನೀರು ಬರುತ್ತದೆ, ಅಲ್ಲಿ ಉಪ್ಪು ತಡೆಯುವ ಕಗ್ಗ ಭತ್ತವನ್ನೇ ಬೆಳೆಯುತ್ತಿದ್ದರು. ಅಂಥ ಗದ್ದೆ ಹತ್ತಿರದ ಬಾವಿಯಾದರೆ ಬೇಸಿಗೆಯಲ್ಲಿ ನೀರು ಸಪ್ಪಗಿರುತ್ತದೋ ಉಪ್ಪಾಗುತ್ತದೋ ನೆರೆಮನೆಯ ಹೆಂಗಸರನ್ನು ಕೇಳಿ, ಅವರಿಗೆ ಸರಿಯಾಗಿ ಗೊತ್ತಿರುತ್ತದೆ. ಲ್ಯಾಬಿನಲ್ಲಿ ಕ್ಲೋರೈಡ್ ಲೀಟರಿಗೆ 250 ಮಿ.ಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರೇ ಇಲ್ಲದಿದ್ದರೆ 1000ದವರೆಗೆ ಒಪ್ಪಬಹುದು ಅನ್ನುತ್ತದೆ ಕುಡಿಯುವ ನೀರಿನ ಮಾನದಂಡ ಐ.ಎಸ್. 10500. ಶೌಚದ ಇಂಗುಗುಂಡಿ ಬಾವಿಯಿಂದ ಕನಿಷ್ಠ 18 ಮೀಟರ್ ದೂರ ಇರಲಿ. ಸಣ್ಣ ಹಿತ್ತಿಲುಗಳಲ್ಲಿ ಇದನ್ನು ಯಾರೂ ಪಾಲಿಸಿರುವುದಿಲ್ಲ.

ಮನೆ ಹಿಂದೆ ಗುಡ್ಡ ಕಡಿದು ಧರೆ ಮಾಡಿದ್ದಾರಾ? ಇದ್ದರೆ ಇಂಜಿನಿಯರ್‌ಗೆ ಅದನ್ನೇ ಮೊದಲು ತೋರಿಸಿ. 2024ರ ಜುಲೈ 16ರಂದು ನಮ್ಮ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ ಮುಚ್ಚಿತು, ಜೀವಗಳು ಹೋದವು. ಮಣ್ಣು ಗಂಗಾವಳಿಗೆ ಬಿದ್ದ ರಭಸಕ್ಕೆ ಆಚೆ ದಡದ ಉಳುವರೆಯ ಮನೆಗಳೂ ಹೋದವು. ನದಿ ಅಡ್ಡ ಇದೆ, ನಮಗೇನು ಅಂತ ಇದ್ದ ಮನೆಗಳು ಅವು. ಇದನ್ನು ಬರೆಯುವಾಗ ಈಗಲೂ ಸಂಕಟ ಆಗುತ್ತದೆ.

ಬಾಗಲಕೋಟೆ, ನವನಗರ

ಮೇಲಿನವರು ಕಟ್ಟಡದ ವಿಷಯ ಚೆನ್ನಾಗಿ ಹೇಳಿದ್ದಾರೆ. ನಾನು ಗೆರೆಯ ವಿಷಯ ಹೇಳುತ್ತೇನೆ. ನಾವು ಬಾಗಲಕೋಟೆಯವರು, ನೀರಿನ ಮಟ್ಟದ ಒಂದು ಗೆರೆ ಮನೆತನಗಳನ್ನು ಏನು ಮಾಡುತ್ತದೆ ಅಂತ ನೋಡಿದವರು. ಆಲಮಟ್ಟಿ ಅಣೆಕಟ್ಟಿನ ನೀರಿನ ಮಟ್ಟ 519.60 ಮೀಟರ್ ಅನ್ನುವುದು ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಕಡಲ ಬದಿಗೂ ಅಂಥದೇ ಗೆರೆ ಇದೆ, ಭರತರೇಖೆ, ಅಂದರೆ ಭರತದ ನೀರು ಏರುವ ಗೆರೆ. ಸಿ.ಆರ್.ಝಡ್. (ಕರಾವಳಿ ನಿಯಂತ್ರಣ ವಲಯ) ನಿಯಮದ ಲೆಕ್ಕ ಅಲ್ಲಿಂದ ಶುರು.

2019ರ ಜನವರಿಯಲ್ಲಿ ಹೊರಟ ಅಧಿಸೂಚನೆ ಪ್ರಕಾರ ಹಳ್ಳಿ ಪ್ರದೇಶ ಎರಡು ಬಗೆ. 2011ರ ಜನಗಣತಿಯಲ್ಲಿ ಚದರ ಕಿಲೋಮೀಟರಿಗೆ 2161ಕ್ಕಿಂತ ಜಾಸ್ತಿ ಜನ ಇದ್ದರೆ 3ಎ, ಅಲ್ಲಿ ಭರತರೇಖೆಯಿಂದ 50 ಮೀಟರ್ ಒಳಗೆ ಹೊಸ ಕಟ್ಟಡ ಇಲ್ಲ. ಅದಕ್ಕಿಂತ ಕಡಿಮೆ ಜನ ಇದ್ದರೆ 3ಬಿ, ಅಲ್ಲಿ 200 ಮೀಟರ್. ಸಮುದ್ರ ಮಾತ್ರ ಅಲ್ಲ, ಭರತ ಇಳಿತ ಇರುವ ಹೊಳೆ, ಕೋಡಿಯ ಬದಿಗೂ 50 ಮೀಟರ್ ಅಥವಾ ಅದರ ಅಗಲ, ಯಾವುದು ಕಡಿಮೆಯೋ ಅಷ್ಟು. ಸಮುದ್ರ ದೂರ ಇದೆ ಅಂತ ಏಜೆಂಟರು ಹೇಳಿದರೆ ಹತ್ತಿರದ ಹೊಳೆ ಎಲ್ಲಿದೆ ಅಂತ ಕೇಳಿ.

ಇದಕ್ಕೂ ಇಂಜಿನಿಯರ್ ವರದಿಗೂ ನೇರ ಸಂಬಂಧ ಇದೆ, ಅದಕ್ಕೇ ಬರೆಯುತ್ತಿದ್ದೇನೆ. ಆ ಪಟ್ಟಿಯೊಳಗೆ ಮೊದಲೇ ಇರುವ ಮನೆಯನ್ನು ರಿಪೇರಿ ಮಾಡಬಹುದು, ಮತ್ತೆ ಕಟ್ಟಲೂಬಹುದು. ಆದರೆ ಅದು ಅಧಿಕೃತ ಕಟ್ಟಡ ಆಗಿರಬೇಕು, ಈಗಿನ ತಳಪಾಯದ ಅಳತೆ ಮೀರಬಾರದು. ನಿಮ್ಮ ಹಿಂದಿನ ಎರಡು ಸ್ಲ್ಯಾಬ್ ಕೋಣೆಗೆ ಪಂಚಾಯಿತಿ ಪರವಾನಗಿ ಇತ್ತಾ? ಇಲ್ಲದಿದ್ದರೆ, ಇಂಜಿನಿಯರ್ ಅದನ್ನು ಕೆಡವಿ ಅಂದ ದಿನ ಆ ಕೋಣೆ ಮತ್ತೆ ಎದ್ದು ನಿಲ್ಲುವುದಿಲ್ಲ. ಸರ್ವೆ ನಂಬರ್ ಹಿಡಿದು ಕಾರವಾರದ ಪ್ರಾದೇಶಿಕ ನಿರ್ದೇಶಕರ (ಪರಿಸರ) ಕಚೇರಿಯಲ್ಲಿ ಬರಹದಲ್ಲಿ ಕೇಳಿ. ಬಾಯಿಮಾತು ಬೇಡ.

ಬೆಳಗಾವಿ, ಟಿಳಕವಾಡಿ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ತುಂಬಾ ಧನ್ಯವಾದ. ಇಷ್ಟು ವಿಷಯ ಇದೆ ಅಂತ ಗೊತ್ತಿರಲಿಲ್ಲ. ಹೊಳೆ ಹತ್ತಿರದಲ್ಲೇ ಇದೆ, ಹಿಂದೆ ಗುಡ್ಡ ಇಲ್ಲ. ಇವತ್ತು ಏಜೆಂಟರಿಗೆ ಫೋನ್ ಮಾಡಿದ್ದೆ. ಇಂಜಿನಿಯರ್ ಬರಲಿ, ನೋಡಲಿ, ಆದರೆ ಎಲ್ಲೂ ಒಡೆಯಬಾರದು, ಅಟ್ಟದ ಹಲಗೆ ತೆಗೆಯಬಾರದು ಅಂತ ಮಾಲೀಕರು ಹೇಳಿದರಂತೆ. ಹೀಗಾದರೆ ಏನು ಮಾಡುವುದು? ಮತ್ತೆ ಬೆಳಗಾವಿ ಇಂಜಿನಿಯರ್ ಒಳ್ಳೆಯದಾ, ಅಲ್ಲಿಯವರಾ?

ಜಮಖಂಡಿ

ಮಾಲೀಕರಿಗೂ ಅವರ ಮನೆ ಮೇಲೆ ಮಮತೆ ಇರುತ್ತದೆ, ತಪ್ಪು ತಿಳಿಯಬೇಡಿ. ಒಡೆಯದೆಯೂ ತುಂಬಾ ನೋಡಬಹುದು. ಸುತ್ತಿಗೆ ತಟ್ಟುವುದು, ಕವರ್ ಅಳೆಯುವ ಮೀಟರ್, ಕಾಂಕ್ರೀಟಿನ ಗಟ್ಟಿತನ ನೋಡುವ ರಿಬೌಂಡ್ ಹ್ಯಾಮರ್, ತೇವದ ಮೀಟರ್, ಇವಕ್ಕೆಲ್ಲ ಏನೂ ಹಾಳಾಗುವುದಿಲ್ಲ. ಮಾಡಿನ ಮರ ನೋಡಲು ಹೊರಗಿನಿಂದ ನಾಲ್ಕು ಹೆಂಚು ಸರಿಸಿದರೆ ಸಾಕು, ಮತ್ತೆ ಹಾಗೇ ಇಡಬಹುದು. ಎಲ್ಲಿ ನೋಡಲು ಬಿಡಲಿಲ್ಲವೋ ಅದನ್ನು ಇಂಜಿನಿಯರ್ ವರದಿಯಲ್ಲೇ ಬರೆಯಲಿ. ಆ ಭಾಗ ಕೆಟ್ಟಿದೆ ಅಂತಲೇ ಹಿಡಿದು ನೀವು ಬೆಲೆ ಹೇಳಿ.

ಇಂಜಿನಿಯರ್ ಅಲ್ಲಿಯವರೇ ಇರಲಿ ಅನ್ನುತ್ತೇನೆ, ಕಾರವಾರ, ಕುಮಟಾ, ಹೊನ್ನಾವರ ಯಾವುದಾದರೂ. ಆದರೆ ಏಜೆಂಟರು ಹೇಳಿದವರು ಬೇಡ. ಹಿಂದೆ ಮಾಡಿದ ಒಂದು ವರದಿಯನ್ನು, ಹೆಸರು ಮುಚ್ಚಿ, ತೋರಿಸಲು ಕೇಳಿ. ಬರೀ ಮನೆ ಚೆನ್ನಾಗಿದೆ ಅಂತ ಒಂದು ಪುಟ ಬರೆದಿದ್ದರೆ ಬೇರೆಯವರನ್ನು ಹುಡುಕಿ. ಫೋಟೋ, ಎಲ್ಲಿ ಏನು, ಈಗಲೇ ಮಾಡಬೇಕಾದ್ದು ಯಾವುದು, ಎರಡು ವರ್ಷ ತಡೆಯುವುದು ಯಾವುದು, ಅಂದಾಜು ಖರ್ಚು, ಇಷ್ಟು ಇರಬೇಕು.

ಕಾಗದದ ವಿಷಯ ಚಿಕ್ಕದಾಗಿ. ಜಾಗದ ಹದ್ದುಬಸ್ತು, ಅಂದರೆ ಸರ್ವೆಯವರಿಂದ ಗಡಿ ಅಳತೆ ಮಾಡಿಸಿ, ಕಾಂಪೌಂಡ್ ನಂಬಬೇಡಿ. ಉತಾರದಲ್ಲಿ (ಜಾಗದ ಹಕ್ಕಿನ ದಾಖಲೆ) ಎಷ್ಟು ಜನರ ಹೆಸರಿದೆ ನೋಡಿ. ಆ ಕಡೆ ಪಾಲುದಾರರು ಮುಂಬೈ, ಗೋವಾ ಸೇರಿರುತ್ತಾರೆ, ಎಲ್ಲರ ಸಹಿ ಬೇಕು. ಗಾವಠಾಣದ (ಊರ ವಸತಿ ಜಾಗದ) ಮನೆಯಾದರೆ ಪಂಚಾಯಿತಿಯ ಆಸ್ತಿ ದಾಖಲೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಕೇಳಿ. 11ಬಿ ತೋರಿಸಿದರೆ ವಕೀಲರನ್ನು ಕೇಳದೆ ಮುಂದೆ ಹೋಗಬೇಡಿ. ಗಾವಠಾಣದ ಹೊರಗಿದ್ದರೆ ಬಿನ್‌ಶೇತ್ಕಿ (ಕೃಷಿಯೇತರ ಬಳಕೆಯ) ಆದೇಶ ಬೇಕು. ಅರಣ್ಯ ಅತಿಕ್ರಮಣದ ಜಾಗದಲ್ಲಿ ಕಟ್ಟಿದ ಮನೆಗಳು ಆ ಜಿಲ್ಲೆಯಲ್ಲಿ ಬಹಳ, ಅವನ್ನು ಮಾರಲು ಬರುವುದಿಲ್ಲ. ಇಸಿಯನ್ನು (ಋಣಭಾರ ಪ್ರಮಾಣಪತ್ರ) ಮೂವತ್ತು ವರ್ಷದ್ದು ತೆಗೆಸಿ. 2004ಕ್ಕಿಂತ ಹಿಂದಿನದಕ್ಕೆ ಉಪನೋಂದಣಿ ಕಚೇರಿಗೇ ಹೋಗಬೇಕಾಗುತ್ತದೆ.

ದೀಪಾವಳಿ ಗಡುವು ಏಜೆಂಟರದ್ದು, ನಿಮ್ಮದಲ್ಲ. ಅಷ್ಟಕ್ಕೂ ಮಾಲೀಕರಿಗೆ ಈಗಲೇ ಭರವಸೆ ಬೇಕು ಅಂದರೆ ಸಣ್ಣ ಮೊತ್ತ ಕೊಟ್ಟು, ಸಂಚಕಾರ ಪತ್ರದಲ್ಲಿ ಒಂದು ಕಲಂ ಹಾಕಿಸಿ. ಇಂಜಿನಿಯರ್ ತಪಾಸಣೆ, ಹದ್ದುಬಸ್ತು, ಸಿ.ಆರ್.ಝಡ್. ಉತ್ತರ ಮೂರೂ ಬಂದ ಮೇಲೆ ವ್ಯವಹಾರ ಮುಂದುವರಿಯುತ್ತದೆ, ಬೇಡ ಅನಿಸಿದರೆ ಇಷ್ಟು ದಿನದೊಳಗೆ ಪೂರ್ತಿ ಹಣ ವಾಪಸ್ ಅಂತ. ಹಣವನ್ನು ಚೆಕ್ ಮೂಲಕವೇ, ಉತಾರದಲ್ಲಿರುವ ಮಾಲೀಕರ ಹೆಸರಿಗೇ ಕೊಡಿ.

ಬೆಳಗಾವಿ, ಶಹಾಪುರ

ಇನ್ನೊಂದು ಮಾತು ಅಕ್ಕಾರೆ. ತಪಾಸಣೆ ದಿನ ನೀವೂ ಯಜಮಾನರೂ ಅಲ್ಲೇ ಇರಿ, ವರದಿ ಅಂಚೆಯಲ್ಲಿ ಬರಲಿ ಅಂತ ಬಿಡಬೇಡಿ. ವರದಿಯಲ್ಲಿ ಬರೆಯದ ಎಷ್ಟೋ ಮಾತು ಇಂಜಿನಿಯರ್ ಅಲ್ಲಿ ನಿಂತು ಹೇಳುತ್ತಾರೆ. ಕರೆಂಟ್ ಬೋರ್ಡ್, ಅರ್ಥಿಂಗ್ ಎರಡನ್ನೂ ನೋಡಿಸಿ, ಉಪ್ಪುಗಾಳಿಗೆ ಅವು ಬೇಗ ಹೋಗುತ್ತವೆ. ಎತ್ತರದ ಏಣಿ ಊರಲ್ಲಿ ಸಿಗುತ್ತದಾ ಅಂತ ಹಿಂದಿನ ದಿನವೇ ಫೋನ್ ಮಾಡಿ ಕೇಳಿಕೊಳ್ಳಿ. ನಮಗೆ ಮನೆ ನೋಡಿಕೊಟ್ಟ ಇಂಜಿನಿಯರ್ ಕುಮಟಾ ಕಡೆಗೂ ಬರುತ್ತಾರೆ. ಅವರನ್ನು ಕೇಳಿ, ಒಪ್ಪಿದರೆ ನಂಬರ್ ನಿಮಗೆ ಮಾತ್ರ ಕಳಿಸುತ್ತೇನೆ.