ಮನೆಯಲ್ಲೇ ಕಟ್ಟುವ ಟಿಯರ್‌ಡ್ರಾಪ್ ಕ್ಯಾಂಪರ್: ಆಕ್ಸಲ್ ಬೆಸೆಯುವ ಮೊದಲು ಕೇಳಿ

ಗುಂಪಿನ ಎಲ್ಲರಿಗೂ ನಮಸ್ಕಾರ. ಈ ವಾರ ಉತ್ತರ ಕೊಡುತ್ತಿರುವವರು ಅಮೆರಿಕದ ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್‌ನಲ್ಲಿ ಟ್ರೇಲರ್ ಚಾಸಿ ವಿನ್ಯಾಸ ಮಾಡುವ ಇಂಜಿನಿಯರ್. ಮೂಲತಃ ಹಾಸನ ಜಿಲ್ಲೆಯವರು. ಸ್ವಂತಕ್ಕೆ ಎರಡು ಟಿಯರ್‌ಡ್ರಾಪ್ ಕಟ್ಟಿದ್ದಾರೆ. ಹೊಸಬರಿಗೆ ಒಂದು ಮಾತು: ಟಿಯರ್‌ಡ್ರಾಪ್ ಅಂದರೆ ಕಾರಿನ ಹಿಂದೆ ಎಳೆದುಕೊಂಡು ಹೋಗುವ, ನೀರಿನ ಹನಿಯ ಆಕಾರದ ಪುಟ್ಟ ಗಾಡಿ. ಒಳಗೆ ಇಬ್ಬರು ಮಲಗುವಷ್ಟು ಜಾಗ. ಹಿಂದಿನ ಮುಚ್ಚಳ ಎತ್ತಿದರೆ ಅಡುಗೆ ಕಟ್ಟೆ.

ಪ್ರಶ್ನೆ (ಕೊಲಂಬಸ್, ಓಹಾಯೋ): ಸರ್, ನಾನು 8 ಅಡಿ ಉದ್ದ, 5 ಅಡಿ ಅಗಲದ ಟಿಯರ್‌ಡ್ರಾಪ್ ಕಟ್ಟುತ್ತಿದ್ದೇನೆ. ಕಬ್ಬಿಣದ ಫ್ರೇಮ್ ಆಗಿದೆ, ನೆಲ ಕೂರಿಸಿದ್ದೇನೆ, ಎರಡೂ ಪಕ್ಕದ ಗೋಡೆ ನಿಂತಿವೆ. ಟಾರ್ಷನ್ ಆಕ್ಸಲ್ (ಸ್ಪ್ರಿಂಗ್ ಬದಲು ಕೊಳವೆಯೊಳಗಿನ ರಬ್ಬರ್ ಕುಲುಕಾಟ ತಡೆಯುವ ಚಕ್ರದ ಅಚ್ಚು) ತಂದಿಟ್ಟಿದ್ದೇನೆ. ಶನಿವಾರ ಸ್ನೇಹಿತರೊಬ್ಬರು ಬಂದು ವೆಲ್ಡ್ ಮಾಡಿಕೊಡುತ್ತಾರೆ. 60-40 ನಿಯಮ ಅಂತ ಎಲ್ಲರೂ ಹೇಳುತ್ತಾರಲ್ಲ, ಹಾಗಾಗಿ ಮುಂದಿನಿಂದ 60%ಗೆ, ಅಂದರೆ 57 ಇಂಚು ದಾಟಿ ಗುರುತು ಹಾಕಿದ್ದೇನೆ. ಸರಿ ಇದೆಯಾ?

ಉತ್ತರ: ಶನಿವಾರದ ಕೆಲಸ ಮುಂದಕ್ಕೆ ಹಾಕಿ. ದಯವಿಟ್ಟು.

60-40 ಅನ್ನೋದು ಉದ್ದದ ಲೆಕ್ಕ ಅಲ್ಲ, ತೂಕದ ಲೆಕ್ಕ. ಒಟ್ಟು ತೂಕದಲ್ಲಿ ಸುಮಾರು 60% ಆಕ್ಸಲ್‌ಗಿಂತ ಮುಂದೆ ಇರಬೇಕು ಅಂತ ಅದರ ಅರ್ಥ. ಅದೂ ಒಂದು ಅಂದಾಜು ಮಾತ್ರ. ನಿಜವಾಗಿ ನೋಡಬೇಕಾದದ್ದು ಟಂಗ್ ವೇಟ್. ಟ್ರೇಲರಿನ ಮೂತಿ ಕಾರಿನ ಹಿಂದಿನ ಕೊಂಡಿ, ಅಂದರೆ ಹಿಚ್ ಮೇಲೆ ಎಷ್ಟು ಭಾರ ಹಾಕುತ್ತದೆ ಅನ್ನೋದು. ಅದು ಟ್ರೇಲರಿನ ಒಟ್ಟು ತೂಕದ 10ರಿಂದ 15%ರೊಳಗೆ ಇರಬೇಕು.

ಎತ್ತಿನ ಗಾಡಿ ನೋಡಿದವರಿಗೆ ಇದು ಹೊಸದೇನಲ್ಲ. ನಮ್ಮೂರಲ್ಲಿ ಗಾಡಿಗೆ ಹುಲ್ಲು ಹೇರುವಾಗ ಅಪ್ಪ ಮತ್ತೆ ಮತ್ತೆ ಕೇಳುತ್ತಿದ್ದರು, "ಹಿಂಭಾರ ಆಯ್ತೇನೋ?" ಅಂತ. ಹಿಂಭಾರ ಆದರೆ ಮೂಕಿ ಮೇಲಕ್ಕೆದ್ದು ಎತ್ತಿನ ಕೊರಳ ಹಗ್ಗ ಬಿಗಿಯುತ್ತದೆ. ಮುಂಭಾರ ಜಾಸ್ತಿ ಆದರೆ ನೊಗ ಹೆಗಲ ಮೇಲೆ ಕೂರುತ್ತದೆ. ಟ್ರೇಲರಿನಲ್ಲೂ ಅದೇ ಕಥೆ. ಆದರೆ ಎತ್ತು ಗಂಟೆಗೆ 60 ಮೈಲಿ ಓಡುವುದಿಲ್ಲ. ಆ ವೇಗದಲ್ಲಿ ಹಿಂಭಾರದ ಟ್ರೇಲರ್ ಮೀನಿನ ಬಾಲದ ಹಾಗೆ ಆಡುತ್ತದೆ.

ಟಿಯರ್‌ಡ್ರಾಪಿನಲ್ಲಿ ಈ ಅಪಾಯ ಜಾಸ್ತಿ, ಯಾಕೆಂದರೆ ಅಡುಗೆ ಕಟ್ಟೆ ಹಿಂದೆ ಇರುತ್ತದೆ. ಮುಂದೆ ಬರೀ ಹಾಸಿಗೆ. ನನ್ನ ಮೊದಲ ಗಾಡಿಯಲ್ಲಿ ನಾನು ಯಾವುದೋ ಹಳೇ ನಕ್ಷೆ ನೋಡಿ ಆಕ್ಸಲ್ ಕೂರಿಸಿದ್ದೆ. ನಕ್ಷೆಯವರ ಅಡುಗೆ ಕಟ್ಟೆಯಲ್ಲಿ ಏನಿತ್ತೋ, ನನ್ನದರಲ್ಲಿ ಐಸ್ ಪೆಟ್ಟಿಗೆ, 5 ಗ್ಯಾಲನ್ ನೀರು (ನೀರೇ ಸುಮಾರು 42 ಪೌಂಡ್ ಆಯಿತು), ಬ್ಯಾಟರಿ, ಕುಕ್ಕರು, ಎರಕದ ಕಬ್ಬಿಣದ ದೋಸೆ ಕಾವಲಿ. ಇಂಡಿಯಾನಾ ಡ್ಯೂನ್ಸ್ ಕಡೆ ಹೊರಟಿದ್ದೆವು. ದೊಡ್ಡ ಲಾರಿಯೊಂದು ಪಕ್ಕದಲ್ಲಿ ದಾಟಿ ಹೋಯಿತು. ಬಲಗಡೆ ಕನ್ನಡಿಯಲ್ಲಿ ಟ್ರೇಲರಿನ ಬಾಗಿಲು ಕಾಣಿಸಿತು. ಕಾಣಿಸಬಾರದಿತ್ತು. ಮರುಗಳಿಗೆ ಎಡಗಡೆ ಕನ್ನಡಿಯಲ್ಲಿ ಆ ಕಡೆಯ ಬಾಗಿಲು. ಕಾರಿನ ಹಿಂಭಾಗವನ್ನು ಯಾರೋ ಹಿಡಿದು ಅಲ್ಲಾಡಿಸಿದ ಹಾಗೆ. ಹಿಂದಿನ ಸೀಟಿನಲ್ಲಿ ಮಗಳು ಮಲಗಿದ್ದಳು. ಬ್ರೇಕ್ ಒತ್ತದೆ, ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟೀರಿಂಗ್ ನೇರವಾಗಿ ಹಿಡಿದುಕೊಂಡೆ. 40 ಮೈಲಿಗೆ ಇಳಿದ ಮೇಲೆ ನಿಂತಿತು. ಮುಂದಿನ ವಾರ ಆಕ್ಸಲ್ ಕತ್ತರಿಸಿ ತೆಗೆದೆ.

ಹಾಗಾಗಿ ನನ್ನ ಕ್ರಮ ಇದು. ಆಕ್ಸಲ್ ಕೊನೆಗೆ. ಮೊದಲು ಪೆಟ್ಟಿಗೆ ಪೂರ್ತಿ ಕಟ್ಟಿ, ಇಲ್ಲವೇ ಉಳಿದ ಸಾಮಾನಿನಷ್ಟೇ ತೂಕವನ್ನು ಅದದೇ ಜಾಗದಲ್ಲಿ ಇಡಿ. ಅಕ್ಕಿ ಮೂಟೆ, ನೀರಿನ ಕ್ಯಾನು, ಮರಳಿನ ಚೀಲ, ಯಾವುದಾದರೂ ಆದೀತು. ಹಾಸಿಗೆಯನ್ನೂ ಮರೆಯಬೇಡಿ. ಆಮೇಲೆ ಪೆಟ್ಟಿಗೆಯ ಮುಂದಿನ ಅಂಚಿನ ಕೆಳಗೆ ಒಂದು ತೊಲೆ, ಹಿಂದಿನ ಅಂಚಿನ ಕೆಳಗೆ ಒಂದು ತೊಲೆ. ಒಂದೊಂದು ತೊಲೆಯ ಕೆಳಗೆ ಎರಡೆರಡು ಬಾತ್‌ರೂಮ್ ತೂಕದ ಯಂತ್ರ. ಫ್ರೇಮ್ ಮಟ್ಟಸವಾಗಿರಲಿ. ಹಿಂದಿನ ಎರಡರ ಮೊತ್ತವನ್ನು ನಾಲ್ಕರ ಒಟ್ಟು ಮೊತ್ತದಿಂದ ಭಾಗಿಸಿ, ಪೆಟ್ಟಿಗೆಯ ಉದ್ದ 96 ಇಂಚಿನಿಂದ ಗುಣಿಸಿ. ಬರುವ ಉತ್ತರವೇ ಮುಂದಿನ ಅಂಚಿನಿಂದ ತೂಕದ ನಡುಬಿಂದು ಎಷ್ಟು ದೂರ ಅನ್ನೋದು. ಆ ನಾಲ್ಕು ಅಂಕಿ, ಮತ್ತೆ ಹಿಚ್ ಬಾಲ್‌ನಿಂದ (ಟ್ರೇಲರಿನ ಮೂತಿ ಕೂರುವ ಗುಂಡು) ಪೆಟ್ಟಿಗೆಯ ಮುಂದಿನ ಅಂಚಿಗೆ ಎಷ್ಟು ಇಂಚು ಅಂತ ಇಲ್ಲಿ ಹಾಕಿ. ಮುಂದಿನ ಲೆಕ್ಕ ನಾನು ಮಾಡಿಕೊಡುತ್ತೇನೆ.

ಬಾಗಿಲು ಇನ್ನೂ ಕತ್ತರಿಸಿಲ್ಲ ಅಲ್ವಾ? ಕತ್ತರಿಸಬೇಡಿ. ಚಕ್ರದ ಮಡ್‌ಗಾರ್ಡ್ ಎಲ್ಲಿ ಬರುತ್ತದೆ ಅಂತ ಗೊತ್ತಾದ ಮೇಲೆ ಬಾಗಿಲು.

ಅದೇ ಸದಸ್ಯರು: ಬಾಗಿಲು ಗುರುತು ಮಾತ್ರ ಹಾಕಿದ್ದೇನೆ ಸರ್, ಬಚಾವಾದೆ. ಗೋಡೆ, ಛಾವಣಿ ಮುಗಿಸಿ ಅಂಕಿ ಹಾಕುತ್ತೇನೆ. ಟಾರ್ಷನ್ ಬದಲು ಲೀಫ್ ಸ್ಪ್ರಿಂಗ್ (ಲಾರಿಯಲ್ಲಿರುವಂಥ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಹಾಕಿದ್ದರೆ ಒಳ್ಳೆಯದಿತ್ತಾ?

ಉತ್ತರ: ಮೊದಲ ಸಲ ಕಟ್ಟುವವರಿಗೆ ನಾನು ಲೀಫ್ ಸ್ಪ್ರಿಂಗ್ ಹೇಳುತ್ತೇನೆ, ಅದೂ ಬೋಲ್ಟ್ ಹಾಕಿ ಕೂರಿಸುವ ಹ್ಯಾಂಗರ್ (ಸ್ಪ್ರಿಂಗನ್ನು ಫ್ರೇಮಿಗೆ ಹಿಡಿಸುವ ಬ್ರಾಕೆಟ್) ಜೊತೆ. ತಪ್ಪಿದರೆ ಎರಡು ಇಂಚು ಹಿಂದೆ ಮುಂದೆ ಸರಿಸಬಹುದು. ಆದರೆ ನಿಮ್ಮ ಟಾರ್ಷನ್ ಆಕ್ಸಲ್ ಚೆನ್ನಾಗಿಯೇ ಇರುತ್ತದೆ. ಸದ್ದು ಕಡಿಮೆ, ಗಾಡಿ ತಗ್ಗಾಗಿ ಕೂರುತ್ತದೆ. ಒಂದೇ ಎಚ್ಚರ: ಅದರ ಕೊಳವೆಯೊಳಗೆ ರಬ್ಬರ್ ಇದೆ. ಬೆಸುಗೆ ಬ್ರಾಕೆಟ್‌ಗೆ ಮಾತ್ರ. ಕೊಳವೆಗೆ ನೇರ ಬೆಂಕಿ ತಾಗಿದರೆ ರಬ್ಬರ್ ಹಾಳಾಗುತ್ತದೆ. ಎಷ್ಟು ಪೌಂಡ್ ಹೊರುವ ಆಕ್ಸಲ್ ಅಂತಲೂ ನೋಡಿ. 1,300 ಪೌಂಡಿನ ಗಾಡಿಗೆ 3,500ರ ಆಕ್ಸಲ್ ಹಾಕಿದರೆ ಗಟ್ಟಿ ಆಗುವುದಿಲ್ಲ, ಕುಕ್ಕುತ್ತದೆ. ಒಳಗಿನ ಕಪಾಟಿನ ಸ್ಕ್ರೂಗಳೆಲ್ಲ ಒಂದೇ ವರ್ಷದಲ್ಲಿ ಸಡಿಲ ಆಗುತ್ತವೆ.

ಪ್ರಶ್ನೆ (ಡಲ್ಲಾಸ್): ಎಲ್ಲ ನಕ್ಷೆಯಲ್ಲೂ 4 ಅಡಿ ಅಗಲ, 4 ಅಡಿ ಎತ್ತರ, 8 ಅಡಿ ಉದ್ದ. ಯಾಕೆ ಸರ್?

ಉತ್ತರ: ಪ್ಲೈವುಡ್ ಹಾಳೆ 4 ಅಡಿಗೆ 8 ಅಡಿ ಬರುತ್ತದೆ, ಅಷ್ಟೇ. ಒಂದು ಹಾಳೆಗೆ ಒಂದು ಪಕ್ಕದ ಗೋಡೆ. 1930ರ ದಶಕದಿಂದ ಅಮೆರಿಕದ ಜನ ಇದನ್ನು ಮನೆಯಲ್ಲೇ ಕಟ್ಟುತ್ತಾ ಬಂದಿದ್ದಾರೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಕ್ಕ ಅಲ್ಯೂಮಿನಿಯಂ ಹಾಳೆ, ಜೀಪಿನ ಚಕ್ರ ಅಗ್ಗಕ್ಕೆ ಸಿಕ್ಕಾಗ ಇನ್ನೂ ಜಾಸ್ತಿ ಆಯಿತು. 4 ಅಡಿ ಅಗಲ ಇಬ್ಬರಿಗೆ ಇಕ್ಕಟ್ಟು. 5 ಅಡಿ ಮಾಡಿಕೊಳ್ಳಿ, ಕ್ವೀನ್ ಹಾಸಿಗೆಯ 60 ಇಂಚಿಗೆ ಹತ್ತಿರ ಬರುತ್ತದೆ.

ಪ್ರಶ್ನೆ (ಸಿಯಾಟಲ್): ನಮಸ್ಕಾರ ಸರ್. ನಾನೂ ನನ್ನ ಗಂಡನೂ ಸೇರಿ ಹೋದ ಬೇಸಿಗೆಯಲ್ಲಿ ಒಂದು ಮುಗಿಸಿದೆವು. ನಮ್ಮ ಊರಿನ ಮಳೆ ನಿಮಗೆ ಗೊತ್ತಲ್ಲ. ಹಿಂದಿನ ಮುಚ್ಚಳದಿಂದ ನೀರು ಒಳಗೆ ಬಂದು ಕಪಾಟಿನ ತಳ ಉಬ್ಬಿದೆ. ಸಿಲಿಕೋನ್ ಮೂರು ಸಲ ಬಳಿದೆವು, ನಿಲ್ಲಲಿಲ್ಲ. ಮುಚ್ಚಳವನ್ನು ಬೇರೆಯಾಗಿ ನೆಲದ ಮೇಲೆ ಕಟ್ಟಿ ಆಮೇಲೆ ಜೋಡಿಸಿದ್ದು. ಮೂಲೆಗಳಲ್ಲಿ ಒಂದು ಬೆರಳಿನಷ್ಟು ಸಂದು ಇದೆ.

ಉತ್ತರ: ಮೇಡಂ, ಆ ಬೆರಳಿನ ಸಂದಿಯೇ ಕಾರಣ. ಬಾಗಿಸಿದ ಪ್ಲೈವುಡ್‌ಗೆ ತನ್ನ ಹಳೇ ಆಕಾರಕ್ಕೆ ಹೋಗುವ ಆಸೆ ಇರುತ್ತದೆ. ಮುಚ್ಚಳವನ್ನು ಗಾಡಿಯ ಮೇಲೇ ಇಟ್ಟು, ಪಕ್ಕದ ಗೋಡೆಗೆ ಕ್ಲಾಂಪ್ ಬಿಗಿದು, ಒಳಗಿನ ಪಕ್ಕೆಲುಬು ಮತ್ತು ಮೇಲಿನ ಹಾಳೆ ಎರಡನ್ನೂ ಅಂಟಿಸಿ, ಅಂಟು ಪೂರ್ತಿ ಒಣಗುವ ತನಕ ಬಿಡಬೇಕು. ನೆಲದ ಮೇಲೆ ಕಟ್ಟಿದರೆ ಬಿಚ್ಚಿದ ತಕ್ಷಣ ಸ್ವಲ್ಪ ನೆಟ್ಟಗಾಗುತ್ತದೆ. ನಿಮ್ಮದು ಹಾಗೇ ಆಗಿದೆ.

ಬಿಚ್ಚಿ ಹೊಸದು ಮಾಡುವುದು ಬೇಡ. ಮನೆ ಹೆಂಚು ಹೊದಿಸುವುದನ್ನು ನೆನಪು ಮಾಡಿಕೊಳ್ಳಿ. ಹೆಂಚಿಗೆ ಯಾರೂ ಅಂಟು ಬಳಿಯುವುದಿಲ್ಲ. ಮೇಲಿನ ಹೆಂಚು ಕೆಳಗಿನದರ ಮೇಲೆ ಕೂರುತ್ತದೆ, ನೀರು ಜಾರಿ ಹೋಗುತ್ತದೆ. ಗಾಡಿಯಲ್ಲೂ ಅಷ್ಟೇ. ನೀರನ್ನು ತಡೆಯುವುದಕ್ಕಿಂತ ಅದಕ್ಕೆ ಹೋಗುವ ದಾರಿ ಮಾಡಿಕೊಡಿ. ಪಕ್ಕದ ಗೋಡೆಯ ಒಳಮೈಗೆ, ಮುಚ್ಚಳದ ಅಂಚಿನ ಕೆಳಗೆ ಬರುವ ಹಾಗೆ, ಮೇಲಿನಿಂದ ಬುಡದ ತನಕ ನೀರು ಹರಿಯುವ ಸಣ್ಣ ಅಲ್ಯೂಮಿನಿಯಂ ದೋಣಿ ಕೂರಿಸಿ. ಬುಡದಲ್ಲಿ ನೀರು ಹೊರಗೆ ಬೀಳಲು ತೂತು ಇರಲಿ. ರಬ್ಬರ್ ಸೀಲ್ ಅದರ ಒಳಗಡೆ ಬರಬೇಕು, ಹೊರಗಡೆ ಅಲ್ಲ. ಸಂದಿಯಲ್ಲಿ ನುಗ್ಗಿದ ನೀರು ದೋಣಿಗೆ ಬಿದ್ದು ಕೆಳಗೆ ಹೋಗುತ್ತದೆ, ಸೀಲ್ ತನಕ ಬರುವುದೇ ಇಲ್ಲ.

ಮುಚ್ಚಳದ ಮೇಲೆ ಯಾವ ಹಿಂಜ್ ಹಾಕಿದ್ದೀರಿ? ಮಾಮೂಲಿ ಪಿಯಾನೋ ಹಿಂಜ್ ಆದರೆ ಅಲ್ಲಿಂದಲೂ ನೀರು ಬರುತ್ತದೆ. ಹರಿಕೇನ್ ಹಿಂಜ್ ಅಂತ ಸಿಗುತ್ತದೆ, ಎರಡು ಅಲ್ಯೂಮಿನಿಯಂ ಪಟ್ಟಿ ಒಂದರೊಳಗೊಂದು ಕೊಕ್ಕೆಯ ಹಾಗೆ ಕೂರುವಂಥದ್ದು. ನೀರು ಅದರ ಮೇಲೆಯೇ ಹರಿದು ಹೋಗುತ್ತದೆ.

ಸಿಲಿಕೋನ್ ಪೂರ್ತಿ ಕೆರೆದು ತೆಗೆಯಿರಿ. ಅದರ ಮೇಲೆ ಬಣ್ಣವೂ ನಿಲ್ಲುವುದಿಲ್ಲ, ಬೇರೆ ಅಂಟೂ ಹಿಡಿಯುವುದಿಲ್ಲ, ಹೊಸ ಸಿಲಿಕೋನೂ ಹಿಡಿಯುವುದಿಲ್ಲ. ಪಟ್ಟಿ, ಕಿಟಕಿ, ದೀಪ ಎಲ್ಲದರ ಕೆಳಗೂ ಬ್ಯುಟೈಲ್ ಟೇಪ್ (ರಬ್ಬರಿನಂಥ ಅಂಟು ಪಟ್ಟಿ) ಹಾಕಿ. ಅದು ವರ್ಷಗಟ್ಟಲೆ ಮೆತ್ತಗೇ ಇರುತ್ತದೆ. ಉಬ್ಬಿದ ತಳದ ಹಲಗೆಯನ್ನು ಕತ್ತರಿಸಿ ತೆಗೆದುಬಿಡಿ. ಹೊಸ ಹಲಗೆಯ ಅಂಚುಗಳಿಗೆ ಎಪಾಕ್ಸಿ ಕುಡಿಸಿ. ಪ್ಲೈವುಡ್ ಹೆಚ್ಚಾಗಿ ನೀರು ಕುಡಿಯುವುದು ಮುಖದಿಂದಲ್ಲ, ಅಂಚಿನಿಂದ ಮತ್ತು ಸ್ಕ್ರೂ ತೂತಿನಿಂದ.

ಪ್ರಶ್ನೆ (ಡೆನ್ವರ್): ಅಣ್ಣಾ, ನಮ್ಮದು ಮುಗಿದಿದೆ, ನೀರೂ ಬರುತ್ತಿಲ್ಲ. ಆದರೆ ಅಕ್ಟೋಬರ್‌ನಲ್ಲಿ ಬೆಟ್ಟದ ಮೇಲೆ ಮಲಗಿದರೆ ಬೆಳಿಗ್ಗೆ ಛಾವಣಿಯಿಂದ ಹನಿ ತೊಟ್ಟಿಕ್ಕುತ್ತದೆ. ಚಳಿ ಅಂತ ಎಲ್ಲ ಮುಚ್ಚಿ ಮಲಗುತ್ತೇವೆ. ರಾತ್ರಿ ಒಳಗೆ ಸಣ್ಣ ಗ್ಯಾಸ್ ಸ್ಟೌ ಹತ್ತು ನಿಮಿಷ ಹಚ್ಚಿ ಬೆಚ್ಚಗೆ ಮಾಡಿಕೊಂಡರೆ ಆಗುತ್ತಾ?

ಉತ್ತರ: ಬೇಡ. ಹತ್ತು ನಿಮಿಷ ಅಲ್ಲ, ಒಂದು ನಿಮಿಷವೂ ಬೇಡ.

ಆ ಪೆಟ್ಟಿಗೆಯೊಳಗಿನ ಗಾಳಿ ಎಷ್ಟು ಅಂತ ನೋಡಿ. ಒಂದು ದೊಡ್ಡ ಬೀರು ಎರಡು ಜೋಡಿಸಿದಷ್ಟು. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಒಲೆ ಇಟ್ಟು ಮಲಗಿ ಸತ್ತವರ ಸುದ್ದಿ ಊರಲ್ಲಿ ಕೇಳಿಲ್ಲವೇ? ಅದೇ ಕಾರ್ಬನ್ ಮೊನಾಕ್ಸೈಡ್ (ಸಿಒ) ಅನ್ನೋ ವಿಷಗಾಳಿ. ವಾಸನೆ ಇಲ್ಲ, ಬಣ್ಣ ಇಲ್ಲ. ನಿದ್ದೆಯಲ್ಲಿದ್ದರೆ ಗೊತ್ತೇ ಆಗುವುದಿಲ್ಲ. ಬ್ಯಾಟರಿಯ ಸಿಒ ಅಲಾರಂ ಒಂದು ಇವತ್ತೇ ತಂದು ಹಾಕಿ. ಅದು ಇದೆ ಅಂತ ಸ್ಟೌ ಹಚ್ಚಬೇಡಿ. ಅಡುಗೆ ಯಾವಾಗಲೂ ಹಿಂದೆ, ಮುಚ್ಚಳ ಪೂರ್ತಿ ಎತ್ತಿ.

ಗ್ಯಾಸ್ ಉರಿದರೆ ಅದರಿಂದಲೂ ನೀರಾವಿ ಹುಟ್ಟುತ್ತದೆ. ಹಾಗಾಗಿ ನಿಮ್ಮ ಹನಿ ಇನ್ನೂ ಜಾಸ್ತಿಯೇ ಆಗುತ್ತದೆ. ಈಗ ತೊಟ್ಟಿಕ್ಕುತ್ತಿರುವುದು ನಿಮ್ಮಿಬ್ಬರ ಉಸಿರು. ಅದಕ್ಕೆ ಮದ್ದು ಗಾಳಿ. ಛಾವಣಿಯ ಫ್ಯಾನ್ (14 ಇಂಚು ಚೌಕದ ತೂತಿಗೆ ಕೂರುವಂಥದ್ದು) ತೀರಾ ನಿಧಾನಕ್ಕೆ ಇಟ್ಟು, ಕಾಲಿನ ಕಡೆ ಒಂದು ಕಿಟಕಿ ಎರಡು ಬೆರಳು ತೆಗೆದಿಡಿ. ಚಳಿಗೆ ಒಳ್ಳೆಯ ಕಂಬಳಿ. ಛಾವಣಿಯಲ್ಲಿ ಒಂದು ಇಂಚಿನ ಫೋಮ್ ಹಾಳೆ ಹಾಕಿದ್ದೀರಾ? ಹಾಕಿಲ್ಲದಿದ್ದರೆ ಮುಂದಿನ ಬೇಸಿಗೆಯ ಕೆಲಸ ಅದು. ಇನ್ನೊಂದು, ನಿಮ್ಮದು ಲಿಥಿಯಂ ಬ್ಯಾಟರಿ ಆದರೆ ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಚಾರ್ಜ್ ಮಾಡಬೇಡಿ. ಬಳಸಬಹುದು, ಚಾರ್ಜ್ ಮಾತ್ರ ಬೇಡ.

ಪ್ರಶ್ನೆ (ನ್ಯೂಜೆರ್ಸಿ): ನಮ್ಮದು ಹೋಂಡಾ ಸಿಆರ್-ವಿ. ಎಳೆಯುತ್ತಾ?

ಉತ್ತರ: ಅಮೆರಿಕದಲ್ಲಿ ಮಾರುವ ಪೆಟ್ರೋಲ್ ಸಿಆರ್-ವಿಗೆ 1,500 ಪೌಂಡ್ ಮಿತಿ, ಈಗಿನ ಹೈಬ್ರಿಡ್‌ಗೆ 1,000. ನಿಮ್ಮ ವರ್ಷದ ಕಾರಿನ ಪುಸ್ತಕ ತೆರೆದು ನೋಡಿ, ಟಂಗ್ ವೇಟ್ ಮಿತಿಯೂ ಅದರಲ್ಲೇ ಇರುತ್ತದೆ. ಸಾಮಾನು ತುಂಬಿದ ತೂಕ ಲೆಕ್ಕಕ್ಕೆ, ಖಾಲಿ ತೂಕ ಅಲ್ಲ. ಪ್ಲೈವುಡ್, ಪಾತ್ರೆ, ನೀರು ಸೇರಿ 1,000 ದಾಟುವುದು ಬಹಳ ಸುಲಭ. ಗೋಡೆಗೆ ದಪ್ಪ ಪ್ಲೈವುಡ್ ಹಾಕುವವರು ಕಪಾಟು, ಬಾಗಿಲು ಬರುವ ಜಾಗ ಬಿಟ್ಟು ಉಳಿದ ಕಡೆ ಮರ ತೆಗೆದು ಫೋಮ್ ತುಂಬಬಹುದು. ತೂಕ ಇಳಿಯುತ್ತದೆ.

ನೋಂದಣಿ ಬಗ್ಗೆ ಇಬ್ಬರು ಇನ್‌ಬಾಕ್ಸ್‌ನಲ್ಲಿ ಕೇಳಿದ್ದಾರೆ. ರಾಜ್ಯ ರಾಜ್ಯಕ್ಕೂ ನಿಯಮ ಬೇರೆ. ಬ್ರೇಕ್ ಯಾವ ತೂಕದಿಂದ ಕಡ್ಡಾಯ ಅನ್ನೋದೂ ಬೇರೆ. ಕಟ್ಟಲು ಶುರು ಮಾಡುವ ಮೊದಲೇ ನಿಮ್ಮ ರಾಜ್ಯದ ಕಚೇರಿಯಲ್ಲಿ ಕೇಳಿ. ಉಕ್ಕು, ಆಕ್ಸಲ್, ದೀಪ ಕೊಂಡ ರಸೀದಿ ಒಂದನ್ನೂ ಬಿಸಾಡಬೇಡಿ.

ಮೊದಲ ಸದಸ್ಯರು (ಕೊಲಂಬಸ್), ಮೂರು ವಾರದ ಮೇಲೆ: ಸರ್, ಅಂಕಿ ತಂದಿದ್ದೇನೆ. ಛಾವಣಿ, ಮುಚ್ಚಳ, ಹಾಸಿಗೆ, ನೀರು, ಬ್ಯಾಟರಿ, ಅಡುಗೆ ಸಾಮಾನು ಎಲ್ಲ ಇಟ್ಟು ತೂಗಿದೆ. ಮುಂದಿನ ಎರಡು ಯಂತ್ರ ಸೇರಿ 508 ಪೌಂಡ್, ಹಿಂದಿನವು ಸೇರಿ 662. ಬಾಲ್‌ನಿಂದ ಪೆಟ್ಟಿಗೆಗೆ 42 ಇಂಚು. ನನ್ನ ಕಾರು 2,700 ಪೌಂಡ್ ಎಳೆಯುತ್ತದೆ.

ಉತ್ತರ: ಬಹಳ ಚೆನ್ನಾಗಿ ಮಾಡಿದ್ದೀರಿ. ಒಟ್ಟು 1,170. ನಡುಬಿಂದು ಮುಂದಿನ ಅಂಚಿನಿಂದ 54.3 ಇಂಚು, ಬಾಲ್‌ನಿಂದ 96.3.

ನಿಮ್ಮ ಹಳೇ ಗುರುತಿನಲ್ಲಿ, 57.6 ಇಂಚಿಗೆ ಆಕ್ಸಲ್ ಬೆಸೆದಿದ್ದರೆ ಟಂಗ್ ವೇಟ್ ಬರೀ 39 ಪೌಂಡ್ ಬರುತ್ತಿತ್ತು. ಸುಮಾರು 3%. ಹೆದ್ದಾರಿಗೆ ಹೋಗುವ ಗಾಡಿ ಅಲ್ಲ ಅದು.

ಪೆಟ್ಟಿಗೆಯ ಮುಂದಿನ ಅಂಚಿನಿಂದ 69 ಇಂಚಿಗೆ ಹೊಸ ಗುರುತು ಹಾಕಿ. ಟಾರ್ಷನ್ ಆಕ್ಸಲ್ ಆದ್ದರಿಂದ ಈ ಅಳತೆ ಚಕ್ರದ ನಡುವಿಗೆ, ಅಡ್ಡ ಕೊಳವೆಗೆ ಅಲ್ಲ. ಎರಡಕ್ಕೂ ಕೆಲವು ಇಂಚು ವ್ಯತ್ಯಾಸ ಇರುತ್ತದೆ, ಅಳೆದು ನೋಡಿ. ಆಗ ಮೂತಿಗೆ 155 ಪೌಂಡ್ ಬರುತ್ತದೆ. ಆಕ್ಸಲ್, ಚಕ್ರ ಸೇರಿ ಗಾಡಿ ಸುಮಾರು 1,310 ಆಗುತ್ತದೆ ಅಂತ ಇಟ್ಟುಕೊಂಡರೆ 12%ಗೆ ಹತ್ತಿರ. ಮೊದಲು ನಾಲ್ಕು ಕಡೆ ತಾತ್ಕಾಲಿಕ ಚುಕ್ಕೆ ಬೆಸುಗೆ ಮಾತ್ರ ಹಾಕಿಸಿ. ಬಾಲ್‌ನಿಂದ ಎರಡೂ ಚಕ್ರದ ನಡುವಿಗೆ ಟೇಪ್ ಹಿಡಿದು ನೋಡಿ, ಎಡಕ್ಕೂ ಬಲಕ್ಕೂ ಕಾಲಿಂಚೂ ವ್ಯತ್ಯಾಸ ಇರಬಾರದು. ಗಾಡಿಯನ್ನು ಚಕ್ರದ ಮೇಲೆ ನಿಲ್ಲಿಸಿ, ಮಟ್ಟಸ ಮಾಡಿ, ಮೂತಿಯ ಕೆಳಗೆ ಅದೇ ಬಾತ್‌ರೂಮ್ ಯಂತ್ರ ಇಡಿ. 140ರಿಂದ 170ರೊಳಗೆ ತೋರಿಸಿದರೆ ಪೂರ್ತಿ ಬೆಸುಗೆ ಹಾಕಿಸಿ. ಆಮೇಲೆ ಬಾಗಿಲು ಕತ್ತರಿಸಿ.