ಸರ್ಪಸುತ್ತು: ಕೆಮ್ಮಣ್ಣು ಹಚ್ಚಿಕೊಂಡು ತಡವಾಗಿ ಬರುವವರೊಂದಿಗೆ ಹೇಗೆ ಮಾತಾಡಬೇಕು?

ಪ್ರಶ್ನೆ – ಸಮುದಾಯ ಆರೋಗ್ಯ ಅಧಿಕಾರಿ, ಉಪಕೇಂದ್ರ

ಸರ್ಪಸುತ್ತು ಆದವರು ಕೆಮ್ಮಣ್ಣು ಹಚ್ಚಿಸಿ, ಮಂತ್ರ ಹಾಕಿಸಿ, ನಾಲ್ಕೈದು ದಿನ ಕಳೆದ ಮೇಲೆ ಬರುತ್ತಾರೆ. ವೈರಸ್ ತಡೆಯುವ ಮಾತ್ರೆ ಅಸೈಕ್ಲೋವಿರ್ ಅನ್ನು ಗುಳ್ಳೆ ಎದ್ದ ಮೇಲೆ ಶುರು ಮಾಡಬೇಕಾದ 72 ಗಂಟೆ ದಾಟಿರುತ್ತದೆ. "ಇದು ವೈರಸ್, ನಾಗದೋಷ ಅಲ್ಲ" ಅಂದರೆ ಹ್ಞೂಂ ಅಂತಾರೆ, ಮನೆಗೆ ಹೋಗಿ ಮಾತ್ರೆ ಬಿಡ್ತಾರೆ. ಏನು ಕೇಳಬೇಕು, ಹೇಗೆ ಹೇಳಬೇಕು?

ಉತ್ತರ – ಚರ್ಮರೋಗ ವೈದ್ಯೆ

ಮೊದಲ ವಾಕ್ಯದಲ್ಲೇ "ಅಲ್ಲ" ಅನ್ನಬೇಡಿ. ಕೇಳಿ: "ಮನೇಲಿ ಇದಕ್ಕೆ ಏನಂತಾರೆ? ಯಾಕೆ ಬಂತು ಅನ್ಸುತ್ತೆ? ಮುಂದೆ ಏನಾಗಬಹುದು ಅಂತ ಭಯ? ಇಲ್ಲಿವರೆಗೆ ಏನೇನು ಹಚ್ಚಿದ್ದೀರಿ?" "ಯಾಕೆ ಹಚ್ಚಿದ್ರಿ" ಅಂತ ಕೇಳಿದರೆ ಮುಂದಿನ ಉತ್ತರಗಳೆಲ್ಲ ಮುಚ್ಚಿಟ್ಟವೇ.

ಮೂರನೇ ಪ್ರಶ್ನೆಗೆ ಬಹುತೇಕ ಒಂದೇ ಉತ್ತರ: ಗುಳ್ಳೆಗಳ ಪಟ್ಟಿ ಹಾವಿನಂತೆ ಮೈ ಸುತ್ತಿ ತಲೆ-ಬಾಲ ಕೂಡಿದರೆ ಜೀವ ಹೋಗುತ್ತೆ. ಈ ಭಯವನ್ನು ತಳ್ಳಿಹಾಕಬೇಡಿ, ಅದರಲ್ಲಿ ಹಿರಿಯರ ಗಮನಿಕೆಯಿದೆ. ಹಿಂದೆ ಬಂದಿದ್ದ ಸೀತಾಳೆಸಿಡುಬಿನ ವೈರಸ್ ನರದ ಬುಡದಲ್ಲಿ ಅಡಗಿದ್ದು, ಆ ಒಂದೇ ನರದ ದಾರಿಯಲ್ಲಿ ಎದ್ದು ಬರುತ್ತದೆ. ಹಾಗಾಗಿ ಮೈಯ ಒಂದೇ ಪಕ್ಕದಲ್ಲಿ ಪಟ್ಟಿಯಾಗಿ ಏಳುತ್ತದೆ, ಸಾಮಾನ್ಯವಾಗಿ ನಡುಗೆರೆ ದಾಟುವುದಿಲ್ಲ. ಎರಡೂ ಪಕ್ಕ ಅಥವಾ ಮೈತುಂಬ ಹರಡಿದರೆ ರೋಗನಿರೋಧಕ ಶಕ್ತಿ ಕುಂದಿರಬಹುದು: ಎಚ್‌ಐವಿ, ಕ್ಯಾನ್ಸರ್ ಚಿಕಿತ್ಸೆ, ಸ್ಟಿರಾಯ್ಡ್ ಮಾತ್ರೆಗಳ ಬಗ್ಗೆ ವಿಚಾರಿಸಿ. ರೋಗಿಗೆ ಬೆನ್ನುಮೂಳೆಯ ಗೆರೆ ತೋರಿಸಿ, "ಇದು ಇಲ್ಲಿಗೇ ನಿಂತಿದೆ, ಹರಡದಂತೆ ಈ ಮಾತ್ರೆ" ಅನ್ನಿ. ನಾಗನ ಪೂಜೆಗೆ ಅಡ್ಡಿ ಮಾಡುವ ಅಗತ್ಯವೇ ಇಲ್ಲ. ಮಾತ್ರೆ ಇವತ್ತೇ ಶುರುವಾಗಲಿ, ಪೂಜೆ ಅವರ ದಿನಕ್ಕೆ ಆಗಲಿ.

ಉತ್ತರ – ತಾಲೂಕು ಆಸ್ಪತ್ರೆ ಶುಶ್ರೂಷಕಿ

ಮಣ್ಣನ್ನು ಕೆರೆದು ತೆಗೆಯಬೇಡಿ, ಗುಳ್ಳೆ ಒಡೆಯುತ್ತೆ. ಕುದಿಸಿ ಆರಿಸಿದ ನೀರಲ್ಲಿ ಹತ್ತಿಬಟ್ಟೆ ಅದ್ದಿ 10 ನಿಮಿಷ ಇಟ್ಟರೆ ತಾನೇ ಬಿಡುತ್ತೆ. ಮಣ್ಣಿನ ಕೆಂಪು ಕೆಳಗಿನ ಕೀವು, ಊತವನ್ನು ಮರೆಮಾಡುತ್ತದೆ, ತೊಳೆಯದೆ ನೋಡಿ ಕಳಿಸಬೇಡಿ. ಒಡೆದ ಗುಳ್ಳೆ ಮೇಲೆ ಮತ್ತೆ ಹಚ್ಚಬಾರದು ಅಂತ ಹೇಳುವಾಗ ಮನೆಯ ಹಿರಿಯರೂ ಎದುರಿಗಿರಲಿ, ಪಥ್ಯದ ತೀರ್ಮಾನ ಅವರದೇ.

ಪಥ್ಯದ ಬಗ್ಗೆ ಒಂದು ಎಚ್ಚರಿಕೆ. ಉಪ್ಪು-ಖಾರ ಬಿಟ್ಟು ಊಟ ಕಮ್ಮಿಯಾದ ವಯಸ್ಸಾದವರು ನೀರನ್ನೂ ಕಮ್ಮಿ ಕುಡಿಯುತ್ತಾರೆ. ಅಸೈಕ್ಲೋವಿರ್ ಜೊತೆ ಇದು ಮೂತ್ರಪಿಂಡಕ್ಕೆ ಕೆಟ್ಟದ್ದು. ಸಪ್ಪೆ ಊಟವಾದರೂ ಗಂಜಿ, ನೀರು ಧಾರಾಳವಾಗಿರಲಿ.

ಮತ್ತೆ ಪ್ರಶ್ನೆ ಕೇಳಿದವರು

72 ಗಂಟೆ ದಾಟಿದರೆ ಮಾತ್ರೆ ವ್ಯರ್ಥವೇ?

ಉತ್ತರ – ಚರ್ಮರೋಗ ವೈದ್ಯೆ

ಅಲ್ಲ. ಹೊಸ ಗುಳ್ಳೆ ಏಳುತ್ತಿದ್ದರೆ, ನಿರೋಧಕ ಶಕ್ತಿ ಕುಂದಿದ್ದರೆ, ಕಣ್ಣಿನ ಸುತ್ತ ಬಂದಿದ್ದರೆ ತಡವಾದರೂ ಕೊಡುತ್ತಾರೆ. ವಯಸ್ಕರಿಗೆ 800 ಮಿಲಿಗ್ರಾಂ, ದಿನಕ್ಕೆ 5 ಸಲ, 7 ದಿನ. ಮೂತ್ರಪಿಂಡದ ತೊಂದರೆ ಇದ್ದರೆ ವೈದ್ಯರು ಪ್ರಮಾಣ ಇಳಿಸಬೇಕು. ಐದು ಸಲ ಅನ್ನುವುದೇ ತಪ್ಪುವ ಜಾಗ: ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10 ಅಂತ ಬರೆದುಕೊಡಿ. ಮೂಗಿನ ತುದಿಯಲ್ಲಿ ಗುಳ್ಳೆ ಕಂಡರೆ ಅದೇ ದಿನ ಕಣ್ಣಿನ ವೈದ್ಯರ ಹತ್ತಿರ ಕಳಿಸಿ. ಗುಳ್ಳೆ ಒಣಗಿ ಹಕ್ಕಳೆ ಕಟ್ಟುವವರೆಗೆ ಬಟ್ಟೆ ಮುಚ್ಚಿರಲಿ, ಸೀತಾಳೆಸಿಡುಬು ಆಗದ ಗರ್ಭಿಣಿಯರು, ಹಸುಗೂಸುಗಳು ದೂರವಿರಲಿ.