'ಇದ್ದೇ ಇರ್ತದ' ಅಂದ್ರ ತೋರಿಸೋರು ಯಾರು?

ಪ್ರಶ್ನೆ: ನಾನು ರಾಯಚೂರಿನವ. ಶಕ್ತಿನಗರ ವಿದ್ಯುತ್ ಸ್ಥಾವರದ ಹಾರುಬೂದಿ (ಕಲ್ಲಿದ್ದಲು ಸುಟ್ಟ ನುಣ್ಣನೆ ಬೂದಿ) ಬೆರೆಸಿದ ಎಚ್‌ಡಿಪಿಇ ಪ್ಲಾಸ್ಟಿಕ್ ಮಿಶ್ರಣಕ್ಕ ಅಮೆರಿಕದಾಗ ಪೇಟೆಂಟ್ ಅರ್ಜಿ ಹಾಕೀನಿ. ಬಗ್ಗಿಸಿದ್ರ ಬಿರುಕು ಬಿಡಲ್ಲ, ಅದೇ ನನ್ನ ಕ್ಲೇಮು, ಅಂದ್ರ ನಾನು ಹಕ್ಕು ಕೇಳೋ ಅಂಶ. ಪೇಟೆಂಟ್ ಕಚೇರಿ ಪರೀಕ್ಷಕರು ಹಳೇ ಪೇಟೆಂಟ್ ತೋರಿಸಿ 'ಅದ್ರಾಗೂ ಈ ಗುಣ ಇರ್ತದ' ಅಂದಾರ. ಅದ್ರಾಗ ಬಿರುಕಿನ ಮಾತೇ ಇಲ್ಲ!

ಉತ್ತರ: ಸಾಬೀತು ಮಾಡೋ ಮೊದಲ ಭಾರ ಪರೀಕ್ಷಕರದೇ ರೀ. ಇರಬಹುದು ಅಂದ್ರ ಸಾಲದು, ಇರಲೇಬೇಕು ಅನ್ನೋದಕ್ಕ ಆಧಾರ ಕೊಡಬೇಕು. ಆದ್ರ ಘಟಕ, ತಯಾರಿ ಒಂದೇ ಥರ ಕಂಡ್ರ ಭಾರ ನಿಮ್ಮ ಹೆಗಲಿಗೆ. ಅಮೆರಿಕದ ಕೋರ್ಟಿನ 1977ರ 'ಇನ್ ರೀ ಬೆಸ್ಟ್' (ಬೆಸ್ಟ್ ಅನ್ನೋರ ಕೇಸು) ತೀರ್ಪು ನೋಡ್ರಿ. ತಯಾರಿಸಿ ನೋಡಾಕ ಪರೀಕ್ಷಕರ ಹತ್ರ ಲ್ಯಾಬ್ ಎಲ್ಲಿ ಅದ?

ಕೇಳಿದವ: ಬೂದಿ ಎರಡೂ ಕಡೆ ನೂರಕ್ಕ 20. ನಾನು ಬೂದಿಗೆ ಸಿಲೇನ್ (ಬೂದಿನ ಪ್ಲಾಸ್ಟಿಕ್‌ಗೆ ಅಂಟಿಸೋ ರಾಸಾಯನಿಕ) ಹಚ್ಚಿ ಒಣಗಿಸ್ತೀನಿ, ಹಳೇ ಪೇಟೆಂಟ್‌ನವರು ಹಂಗೇ ಸುರೀತಾರ.

ಇನ್ನೊಬ್ಬರು: ಹಂಗಾದ್ರ ವಾದ ಬಿಡ್ರಿ. ಹಳೇ ಪೇಟೆಂಟ್‌ದಾಗಿನ ಉದಾಹರಣೆ ಇದ್ದಂಗೇ ತಯಾರಿಸಿ ಬಗ್ಗಿಸ್ರಿ. ಬಿರುಕು ಬಿಟ್ರ ಆ ಪರೀಕ್ಷೆ ಅಂಕಿನ ಡಿಕ್ಲರೇಷನ್‌ದಾಗ (ಪೇಟೆಂಟ್ ಕಚೇರಿಗೆ ಕೊಡೋ ಲಿಖಿತ ಹೇಳಿಕೆ) ಹಾಕ್ರಿ.

ಕೇಳಿದವ: ಭಾನುವಾರ ಎಕ್ಸ್‌ಟ್ರೂಡರ್ (ಪ್ಲಾಸ್ಟಿಕ್ ಕರಗಿಸಿ ಬೆರೆಸೋ ಯಂತ್ರ) ಖಾಲಿ ಅದ. ಕರೆಂಟ್ ಇದ್ರ ಅವತ್ತೇ ಮಾಡ್ತೀನಿ.